ಎಬ್ಬಿಸುವ ದನಿ, ಕೂರಿಸುವ ದನಿ

ಸಾವಿರಾರು ಜನ ಸೇರಿದ ಬಯಲಿನಲ್ಲಿ ಎಲ್ಲರಿಗಿಂತ ಮೊದಲು ವೇದಿಕೆಗೆ ಬರುವವರು ಕಾರ್ಯಕ್ರಮದ ನಿರೂಪಕರು. ಚದುರಿ ಕುಳಿತು ತಮ್ಮ ತಮ್ಮಲ್ಲೇ ಮಾತಾಡುತ್ತಿರುವ ಮಂದಿಯನ್ನು ಒಂದೇ ಕಡೆ ನೋಡುವಂತೆ, ಒಟ್ಟಿಗೆ ಚಪ್ಪಾಳೆ ತಟ್ಟುವಂತೆ ಮಾಡುವುದು ಅವರ ಕೆಲಸ. ಇದನ್ನು ಜೀವನೋಪಾಯವಾಗಿ ಆರಿಸಿಕೊಳ್ಳಬಹುದೇ? ಅದಕ್ಕೆ ದೊಡ್ಡ ಗಂಟಲೊಂದಿದ್ದರೆ ಸಾಕೇ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸೋಣ.

ಚಚಡಿಯ ಸುತ್ತಲಿನ ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಗೆ ಈ ಕಸುಬು ಹೊಸದಲ್ಲ. ಬೆಳಗಾವಿ ಜಿಲ್ಲೆಯಲ್ಲಿ ಮನೆಮಾತಾದ ಶ್ರೀಕೃಷ್ಣ ಪಾರಿಜಾತ ಬಯಲಾಟದಲ್ಲಿ ಭಾಗವತ ರಂಗದ ಮೇಲೆ ನಿಂತು, ಬಂದ ಪಾತ್ರಗಳನ್ನೆಲ್ಲ ಮಾತಿಗೆಳೆಯುತ್ತಾನೆ. ಪ್ರೇಕ್ಷಕರ ಮನಸ್ಸಿನಲ್ಲಿರುವ ಪ್ರಶ್ನೆ ಅವನ ಬಾಯಲ್ಲಿ ಬರುತ್ತದೆ. ಗೀಗೀ ಮೇಳದ ಹರದೇಶಿ-ನಾಗೇಶಿ ವಾದದಲ್ಲಂತೂ ಕೇಳುಗರೇ ಎರಡು ಪಕ್ಷವಾಗಿ ಬೆಳಗಿನ ತನಕ ಕೂರುವುದುಂಟು. ರಾಮದುರ್ಗ ತಾಲ್ಲೂಕಿನ ಹುಲಕುಂದದ ಭೀಮಕವಿಯಂಥವರ ಗೀಗೀ ಪದಗಳು ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿ ಹಳ್ಳಿಯ ಜನರನ್ನು ಹುರಿದುಂಬಿಸಿದವು. ಡಪ್ಪು, ತುಂತುಣಿ, ತಾಳ ಹಾಗೂ ಗಟ್ಟಿ ಕಂಠ, ಇವಿಷ್ಟೇ ಅವರ ಸಲಕರಣೆ.

ಇಂದು ಅದೇ ಕೆಲಸ ಮೈಕಿನ ಮೂಲಕ ನಡೆಯುತ್ತಿದೆ. 1824ರ ಅಕ್ಟೋಬರ್ 23ರ ವಿಜಯವನ್ನು ನೆನೆಯುವ ಕಿತ್ತೂರು ಉತ್ಸವ, ಊರ ಜಾತ್ರೆಯ ರಸಮಂಜರಿ, ಕುಸ್ತಿಯ ಕಣ, ಶಾಲೆಯ ಗ್ಯಾದರಿಂಗ್, ಎಲ್ಲಕ್ಕೂ ಒಬ್ಬ ನಿರೂಪಕರು ಬೇಕು.

ಈ ಕಲೆಯ ಹಿಂದೆ ಸ್ವಲ್ಪ ವಿಜ್ಞಾನವೂ ಇದೆ. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ದೂರ ಸಾಗುತ್ತದೆ. ವೇದಿಕೆಯ ಬಳಿ ಇಟ್ಟ ಧ್ವನಿವರ್ಧಕದಿಂದ ಹೊರಟ ಮಾತು 100 ಮೀಟರ್ ಆಚೆಯ ಕೊನೆಯ ಸಾಲನ್ನು ಮುಟ್ಟಲು ಸುಮಾರು 0.3 ಸೆಕೆಂಡು ಬೇಕು. ಅಲ್ಲಿಯ ಚಪ್ಪಾಳೆ ಮರಳಿ ವೇದಿಕೆಗೆ ಬರಲು ಮತ್ತೆ ಅಷ್ಟೇ ಸಮಯ. ಆದ್ದರಿಂದ ಬಯಲಿನಲ್ಲಿ ಗಡಿಬಿಡಿಯಿಂದ ಮಾತಾಡಿದರೆ ಜನರ ಉತ್ತರದ ಮೇಲೆ ನಿರೂಪಕರ ಮುಂದಿನ ಮಾತು ಬಿದ್ದು ಎರಡೂ ಕೆಡುತ್ತವೆ. ನುರಿತವರು ಒಂದು ಮಾತು ಹೇಳಿ, ನಿಂತು, ಜನರಿಗೆ ಎಡೆ ಕೊಡುತ್ತಾರೆ.

ಚಪ್ಪಾಳೆಯ ಬಗ್ಗೆಯೂ ಸಂಶೋಧನೆ ನಡೆದಿದೆ. ರೊಮೇನಿಯಾ ಮತ್ತು ಹಂಗೆರಿಯ ರಂಗಮಂದಿರಗಳಲ್ಲಿ ಮಾಡಿದ ಅಧ್ಯಯನವೊಂದು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಜನ ಒಂದೇ ತಾಳದಲ್ಲಿ ಚಪ್ಪಾಳೆ ತಟ್ಟುವಾಗ ಪ್ರತಿಯೊಬ್ಬರ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ; ಇನ್ನಷ್ಟು ಸದ್ದು ಮಾಡುವ ಉತ್ಸಾಹದಲ್ಲಿ ವೇಗ ಹೆಚ್ಚಿಸಿದೊಡನೆ ತಾಳ ಒಡೆಯುತ್ತದೆ. ಜನರನ್ನು ಒಂದುಗೂಡಿಸಲು ನಿಧಾನವೇ ದಾರಿ ಎಂಬುದನ್ನು ನಮ್ಮ ಭಜನಾ ಮೇಳದವರು ಅನುಭವದಿಂದಲೇ ಬಲ್ಲರು.

ಆದರೆ ಒಂದುಗೂಡಿದ ಜನಸ್ತೋಮಕ್ಕೆ ಇನ್ನೊಂದು ಮುಖವಿದೆ. ಒಂದು ಚದರ ಮೀಟರ್ ಜಾಗದಲ್ಲಿ 5ಕ್ಕಿಂತ ಹೆಚ್ಚು ಜನ ನಿಂತರೆ ಒಬ್ಬೊಬ್ಬರೂ ತಮ್ಮಿಚ್ಛೆಯಂತೆ ಕಾಲು ಇಡುವುದು ಕಷ್ಟ. ದಟ್ಟಣೆ ಇನ್ನೂ ಏರಿದರೆ ಗುಂಪು ನೀರಿನಂತೆ ಅಲೆಯಾಗಿ ಹೊಯ್ದಾಡುತ್ತದೆ. ಇಂಥ ದುರಂತಗಳಲ್ಲಿ ಬಹಳ ಜನ ಸಾಯುವುದು ತುಳಿತದಿಂದಲ್ಲ, ಎದೆ ಒತ್ತಿ ಉಸಿರು ಕಟ್ಟಿ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ವಿಜಯೋತ್ಸವಕ್ಕೆ ಬಂದವರಲ್ಲಿ 11 ಮಂದಿ ನೂಕುನುಗ್ಗಲಿನಲ್ಲಿ ಪ್ರಾಣ ಕಳೆದುಕೊಂಡರು. ಹಿಂದಿನಿಂದ ನೂಕುವವರಿಗೆ ಮುಂದೆ ಏನಾಗುತ್ತಿದೆ ಎಂಬುದು ಕಾಣಿಸುವುದಿಲ್ಲ.

ಬಯಲಿನ ಕಾರ್ಯಕ್ರಮದಲ್ಲಿ ಅದು ಕಾಣುವುದು ಎತ್ತರದಲ್ಲಿ ನಿಂತವರಿಗೆ. ಕೈಯಲ್ಲಿ ಮೈಕೂ ಇರುವವರು ನಿರೂಪಕರು. ಆಗ ಅವರು ಮಾಡಬೇಕಾದದ್ದು ಇಷ್ಟು: ಸಂಗೀತ ನಿಲ್ಲಿಸಿ, ಜನರ ಮೇಲೆ ದೀಪ ಹಾಕಿಸಿ, ದನಿ ತಗ್ಗಿಸಿ ಮಾತಾಡುವುದು. ಮೊದಲ ಸೂಚನೆ ಹಿಂದಿನ ಸಾಲಿನವರಿಗೆ ಹೋಗಬೇಕು: ‘ಹಿಂದ ನಿಂತವ್ರು ಎರಡು ಹೆಜ್ಜಿ ಹಿಂದ ಸರೀರಿ.’ ಒಂದು ಸಲಕ್ಕೆ ಒಂದೇ ಸೂಚನೆ. ಚೀರಾಟ ಕೂಡದು, ಮೈಕಿನಲ್ಲಿ ಕೇಳಿದ ಗಾಬರಿ ಕ್ಷಣದಲ್ಲಿ ಇಡೀ ಬಯಲಿಗೆ ಹರಡುತ್ತದೆ. ಮೊದಲಿಂದಲೂ ಅರಚಿಯೇ ಮಾತಾಡಿದವರಿಗೆ ಈ ಹೊತ್ತಿನಲ್ಲಿ ಬೇರೆ ದನಿಯೇ ಉಳಿದಿರುವುದಿಲ್ಲ.

ದನಿ ಏರಿಸದೆಯೂ ಜನಮನ ಗೆಲ್ಲಬಹುದು ಎಂಬುದಕ್ಕೆ ಅಪರ್ಣಾ ಅವರ ವೃತ್ತಿಜೀವನವೇ ಸಾಕ್ಷಿ. ಪುಟ್ಟಣ್ಣ ಕಣಗಾಲರ ‘ಮಸಣದ ಹೂವು’ ಚಿತ್ರದಿಂದ ಪರಿಚಿತರಾದ ಅವರು ಆಕಾಶವಾಣಿ, ದೂರದರ್ಶನ, ಸಾರ್ವಜನಿಕ ವೇದಿಕೆಗಳಲ್ಲಿ ಹೆಸರು ಮಾಡಿದರು. 1998ರ ದೀಪಾವಳಿ ಕಾರ್ಯಕ್ರಮವೊಂದನ್ನು ಸತತ 8 ಗಂಟೆ ನಿರೂಪಿಸಿದರು. 2024ರ ಜುಲೈನಲ್ಲಿ ಅವರು ತೀರಿಕೊಂಡಾಗ, ‘ನಮ್ಮ ಮೆಟ್ರೋ’ದ ಪ್ರಕಟಣೆಗಳಲ್ಲಿ ನಿತ್ಯ ಅವರ ದನಿ ಕೇಳುತ್ತಿದ್ದ ಪ್ರಯಾಣಿಕರೂ ಮರುಗಿದರು. ಸ್ಪಷ್ಟ ಉಚ್ಚಾರಣೆ, ಹದವಾದ ವೇಗ, ಸಿದ್ಧತೆ ಅವರ ಬಂಡವಾಳವಾಗಿತ್ತು.

ಈ ವೃತ್ತಿಗೆ ಬರಬಯಸುವ ತರುಣ ತರುಣಿಯರು ಕೆಲವು ಸಂಗತಿಗಳನ್ನು ಗಮನಿಸಬೇಕು. ಜಾತ್ರೆ-ಉತ್ಸವಗಳು ಹೆಚ್ಚಾಗಿ ಸುಗ್ಗಿಯ ನಂತರ ಬರುತ್ತವೆ. ಮಳೆಗಾಲದಲ್ಲಿ ಕೈಗೆ ಕೆಲಸ ಕಡಿಮೆ. ಆದ್ದರಿಂದ ಆರಂಭದಲ್ಲಿ ಬೇರೊಂದು ಸಂಪಾದನೆ ಇರುವುದು ಲೇಸು. ಶಿಕ್ಷಕ ವೃತ್ತಿಯಲ್ಲಿದ್ದು ನಿರೂಪಣೆ ಮಾಡುವವರು ನಮ್ಮಲ್ಲಿ ಅನೇಕರಿದ್ದಾರೆ. ಗಂಟಲೇ ಉಪಕರಣವಾದ್ದರಿಂದ ನೀರು, ನಿದ್ದೆ, ಮೌನ ಮೂರನ್ನೂ ತಪ್ಪಿಸಬಾರದು. ದಿನವೂ ಕಿರುಚಿದರೆ ಧ್ವನಿತಂತುಗಳ ಮೇಲೆ ಗಂಟು ಬೆಳೆಯಬಹುದು. ಸಂಭಾವನೆಯನ್ನು ಮೊದಲೇ ಮಾತಾಡಿಕೊಳ್ಳಬೇಕು.

ಅದರ ಜೊತೆಗೆ ಇನ್ನೊಂದನ್ನೂ ಸಂಘಟಕರೊಡನೆ ಮೊದಲೇ ಗೊತ್ತುಮಾಡಿಕೊಳ್ಳಬೇಕು: ಅಪಾಯ ಕಂಡರೆ ಯಾರನ್ನೂ ಕೇಳದೆ ಕಾರ್ಯಕ್ರಮ ನಿಲ್ಲಿಸುವ ಅಧಿಕಾರ ನಿರೂಪಕರಿಗಿದೆ ಎಂಬುದು. ಬಂದ ಜನ ನಕ್ಕು ನಲಿದು ಸುಖವಾಗಿ ಮನೆ ಸೇರಿದರೆ ಆ ದಿನದ ನಿರೂಪಣೆ ಸಾರ್ಥಕ.