ಸೊಪ್ಪಿನವರ ಕೂಗು, ಸಮುವೇಲನ ಕಿವಿ

ಬೆಳಗ್ಗೆ ಏಳೂವರೆ ಹೊತ್ತಿಗೆ ಬಸವೇಶ್ವರನಗರದ ಯಾವುದಾದರೂ ಅಡುಗೆಮನೆಯಲ್ಲಿ ನಿಂತು ನೋಡಿ. ಕುಕ್ಕರ್ ಎರಡನೇ ಸೀಟಿ ಹಾಕುತ್ತಿರುತ್ತದೆ, ಮಿಕ್ಸಿಯಲ್ಲಿ ಚಟ್ನಿ ತಿರುಗುತ್ತಿರುತ್ತದೆ, ಹಾಲ್‌ನಲ್ಲಿ ಟಿವಿ ತನ್ನ ಪಾಡಿಗೆ ಬಡಬಡಿಸುತ್ತಿರುತ್ತದೆ. ಇಷ್ಟರ ನಡುವೆ ಮನೆಯಾಕೆ ತಟ್ಟನೆ ಕೈ ಒರೆಸಿಕೊಂಡು ಬಾಗಿಲಿಗೆ ಓಡುತ್ತಾರೆ. ಪಕ್ಕದ ಅಡ್ಡರಸ್ತೆಯಲ್ಲಿ ಸೊಪ್ಪಿನವರು ಕೂಗಿದ್ದಾರೆ. ಬಾಗಿಲಿಗೆ ಇನ್ನೂ ಹತ್ತಿರ ಕೂತಿದ್ದ ಗಂಡನಿಗೆ ಆ ಕೂಗು ಕೇಳಿಸಿಯೇ ಇಲ್ಲ. ಇಬ್ಬರ ಕಿವಿಯ ರಚನೆಯೂ ಒಂದೇ. ಸೊಪ್ಪು ಬೇಕಿದ್ದದ್ದು ಮಾತ್ರ ಒಬ್ಬರಿಗೆ.

ಕಥೋಲಿಕ ಕ್ರೈಸ್ತರಲ್ಲಿ ‘ದೇವರಿಗೆ ಕಿವಿಗೊಡುವುದು’ ಎಂಬ ಮಾತು ಬಹಳ ಬಳಕೆಯಲ್ಲಿದೆ. ಧ್ಯಾನಕೂಟಗಳಲ್ಲಿ, ಭಾನುವಾರದ ಪ್ರಬೋಧನೆಯಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ವಿಜ್ಞಾನ ಓದಿದವರಿಗೆ ಇದನ್ನು ಕೇಳಿದರೆ ಹುಬ್ಬೇರುತ್ತದೆ. ನನಗೂ ಮೊದಲು ಏರಿತ್ತು. ದೇವರು ಮಾತಾಡುತ್ತಾನೋ ಇಲ್ಲವೋ ಎಂಬುದನ್ನು ಅಳೆಯುವ ಉಪಕರಣ ಯಾವ ಪ್ರಯೋಗಾಲಯದಲ್ಲೂ ಇಲ್ಲ, ಈ ಲೇಖನದಲ್ಲೂ ಇಲ್ಲ. ಆದರೆ ಆ ಮಾತಿನ ಉಳಿದರ್ಧ, ಅಂದರೆ ಕಿವಿಗೊಡುವುದು, ವಿಜ್ಞಾನ ಎಪ್ಪತ್ತು ವರ್ಷಗಳಿಂದ ಅಗೆಯುತ್ತಿರುವ ನೆಲ.

1953ರಲ್ಲಿ ಲಂಡನ್ನಿನ ಕಾಲಿನ್ ಚೆರ್ರಿ ಒಂದು ಸರಳ ಪ್ರಯೋಗ ಮಾಡಿದರು. ಹೆಡ್‌ಫೋನ್ ಹಾಕಿಸಿ ಎರಡು ಕಿವಿಗೆ ಎರಡು ಬೇರೆ ಬೇರೆ ಮಾತು ಕೇಳಿಸಿದರು. ಒಂದು ಕಿವಿಯದ್ದನ್ನು ಕೇಳುತ್ತಲೇ ಬಾಯಿಬಿಟ್ಟು ಹೇಳುತ್ತ ಹೋಗಬೇಕು. ಆಮೇಲೆ ಇನ್ನೊಂದು ಕಿವಿಯಲ್ಲಿ ಏನಿತ್ತು ಎಂದು ಕೇಳಿದರೆ ಜನರಿಗೆ ಹೆಚ್ಚೇನೂ ಗೊತ್ತಿರಲಿಲ್ಲ. ಅಲ್ಲಿ ಇಂಗ್ಲಿಷ್ ನಿಂತು ಜರ್ಮನ್ ಶುರುವಾಗಿದ್ದೂ ಅವರ ಗಮನಕ್ಕೆ ಬಂದಿರಲಿಲ್ಲ. 1959ರಲ್ಲಿ ನೆವಿಲ್ ಮೋರೆ ಗಮನವಿಲ್ಲದ ಆ ಕಿವಿಯಲ್ಲಿ ಕೇಳುಗರ ಹೆಸರನ್ನೇ ತೂರಿಸಿ ನೋಡಿದರು. ಮೂರರಲ್ಲಿ ಒಂದು ಪಾಲು ಜನರಿಗೆ ಅದು ಕೇಳಿಸಿತು. ಹೆಸರು ಹಿಡಿದು ಕರೆದರೆ ಮುಚ್ಚಿದ ಬಾಗಿಲೂ ಒಮ್ಮೊಮ್ಮೆ ತೆರೆಯುತ್ತದೆ, ಪ್ರತಿ ಸಲವೂ ಅಲ್ಲ.

ಕಿವಿಯ ಒಳಗೂ ಇದೇ ಕತೆ. ಶಂಖದಂತೆ ಸುತ್ತಿಕೊಂಡ ಒಳಗಿವಿಯಲ್ಲಿ ಎರಡು ಬಗೆಯ ರೋಮಕೋಶಗಳಿವೆ. ಒಳಸಾಲಿನಲ್ಲಿ ಸುಮಾರು 3,500, ಹೊರಸಾಲುಗಳಲ್ಲಿ ಸುಮಾರು 12,000. ಮೆದುಳಿಗೆ ಸುದ್ದಿ ಮುಟ್ಟಿಸುವ ನರತಂತುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಹೊರಡುವುದು ಒಳಸಾಲಿನಿಂದ. ಹಾಗಾದರೆ ಸಂಖ್ಯೆಯಲ್ಲಿ ಮೂರು ಪಟ್ಟಿಗೂ ಮೀರಿದ ಹೊರಸಾಲಿನವುಗಳಿಗೆ ಏನು ಕೆಲಸ? ಅವು ಉದ್ದವಾಗುತ್ತವೆ, ಗಿಡ್ಡವಾಗುತ್ತವೆ, ಕ್ಷೀಣವಾದ ಸದ್ದನ್ನು ಹಿಗ್ಗಿಸುತ್ತವೆ. ತಂಬೂರಿಯ ಬಿರಡೆ ತಿರುಗಿಸಿ ಶ್ರುತಿ ಮಾಡುವವರ ಕೆಲಸ ಅದು. ಮೆದುಳಿನಿಂದ ಕಿವಿಯ ಕಡೆಗೆ ಇಳಿದು ಬರುವ ನರಗಳೂ ಇವೆ ಎಂದು 1946ರಲ್ಲೇ ರಾಸ್ಮುಸೆನ್ ವರ್ಣಿಸಿದ್ದರು. ಅವು ಮುಖ್ಯವಾಗಿ ಈ ಹೊರಸಾಲಿನ ಬಿರಡೆಗಳನ್ನೇ ತಿರುಗಿಸುತ್ತವೆ. 1978ರಲ್ಲಿ ಡೇವಿಡ್ ಕೆಂಪ್ ಇನ್ನೊಂದು ಸೋಜಿಗ ತೋರಿಸಿದರು. ಶ್ರುತಿ ಮಾಡುವ ಈ ಕೆಲಸದಲ್ಲಿ ಕಿವಿ ತಾನೇ ಸಣ್ಣಗೆ ಸದ್ದು ಹೊರಡಿಸುತ್ತದೆ. ಈಗ ಹಸುಗೂಸುಗಳ ಶ್ರವಣ ಪರೀಕ್ಷೆಯಲ್ಲಿ ಕಿವಿಗೆ ಪುಟ್ಟ ಮೈಕ್ ಇಟ್ಟು ಕೇಳುವುದು ಆ ಸದ್ದನ್ನೇ.

ಕೇಳುವುದೆಂದರೆ ಕೊಡದೊಳಗೆ ನೀರು ಬಿದ್ದಂತೆ ಸುಮ್ಮನೆ ತುಂಬಿಕೊಳ್ಳುವುದಲ್ಲ. ಕೇಳುವವರು ಮುಂಚೆಯೇ ಅರ್ಧ ಕೆಲಸ ಮಾಡಿಟ್ಟಿರುತ್ತಾರೆ. ನಮ್ಮ ಭಾಷೆ ‘ಕಿವಿಗೊಡು’ ಎಂದು ಕೊಡುವ ಲೆಕ್ಕದಲ್ಲೇ ಹೇಳಿದೆ.

ಈ ಹಿನ್ನೆಲೆಯಲ್ಲಿ ಬೈಬಲಿನ ಬಾಲಕ ಸಮುವೇಲನ ಕತೆ ಓದಿದರೆ ಅದು ಬೇರೆಯಾಗಿ ಕಾಣುತ್ತದೆ. ರಾತ್ರಿ ದೇವಾಲಯದಲ್ಲಿ ಮಲಗಿದ್ದ ಹುಡುಗನಿಗೆ ಯಾರೋ ಹೆಸರು ಹಿಡಿದು ಕರೆದದ್ದು ಕೇಳಿಸುತ್ತದೆ. ಗುರು ಏಲಿಯೇ ಕರೆದನೆಂದು ಓಡುತ್ತಾನೆ. ಏಲಿ, ನಾನು ಕರೆದಿಲ್ಲ, ಹೋಗಿ ಮಲಗು ಅನ್ನುತ್ತಾನೆ. ಹೀಗೆ ಮೂರು ಸಲ. ಹುಡುಗನ ಕಿವಿಯಲ್ಲಿ ದೋಷವಿಲ್ಲ. ದನಿ ಯಾರದೆಂದು ಗುರುತಿಸುವಲ್ಲಿ ಎಡವಿದ್ದಾನೆ. ಮನೋವಿಜ್ಞಾನಿಗಳು ಇದನ್ನು ಮೂಲ ಗುರುತಿಸುವಿಕೆಯ ತಪ್ಪು ಅನ್ನುತ್ತಾರೆ, ನಾವೆಲ್ಲರೂ ದಿನಾ ಮಾಡುವಂಥದ್ದು. ಸ್ನೇಹಿತ ಹೇಳಿದ್ದನ್ನು ಪತ್ರಿಕೆಯಲ್ಲಿ ಓದಿದೆ ಅನ್ನುತ್ತೇವೆ. ಸಮುವೇಲನ ತಪ್ಪನ್ನು ತಿದ್ದಿದ್ದು ಇನ್ನೊಬ್ಬ ಮನುಷ್ಯ, ಅದೂ ಕಣ್ಣು ಮಂಜಾಗಿದ್ದ ಮುದುಕ. ಈ ಕೊನೆಯ ವಿವರ ನನಗೆ ಬಹಳ ಇಷ್ಟ.

ಇದರ ತಿರುವುಮುರುವು ತಪ್ಪೂ ಇದೆ. ಸಂಜೆ ಕೆಂಗೇರಿ ಕಡೆಯ ಮೆಟ್ರೋದಲ್ಲಿ ವಿಜಯನಗರ ದಾಟಿ ಅತ್ತಿಗುಪ್ಪೆ ಬರುವಷ್ಟರಲ್ಲಿ ನನ್ನ ಜೇಬಿನ ಫೋನ್ ನಡುಗಿದಂತಾಗುತ್ತದೆ. ತೆಗೆದು ನೋಡಿದರೆ ಏನೂ ಇಲ್ಲ. ಅಮೆರಿಕದ ಕಾಲೇಜು ವಿದ್ಯಾರ್ಥಿಗಳಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ತಮಗೂ ಹೀಗಾಗಿದೆ ಎಂದಿದ್ದರು. ಇದು ರೋಗವಲ್ಲ. ಕರೆಗಾಗಿ ಕಾಯುವ ಮೆದುಳು ಅನುಮಾನದ ಗೆರೆಯನ್ನು ಕೆಳಗಿಳಿಸಿಕೊಂಡಿರುತ್ತದೆ; ಬಟ್ಟೆ ಸರಿದದ್ದೂ ಕರೆಯಾಗುತ್ತದೆ. ಎರಡನೇ ಮಹಾಯುದ್ಧದ ರೇಡಾರ್ ಪರದೆಗಳ ಮುಂದೆ ಕೂತವರ ಕಷ್ಟದಿಂದ ಬೆಳೆದ ಸಂಕೇತ ಪತ್ತೆ ಸಿದ್ಧಾಂತ ಹೇಳುವುದು ಇಷ್ಟು: ಗೆರೆ ಇಳಿಸಿದರೆ ಬಂದ ವಿಮಾನ ಒಂದೂ ತಪ್ಪುವುದಿಲ್ಲ, ಆದರೆ ಹಕ್ಕಿಯ ಹಿಂಡೂ ವಿಮಾನವಾಗುತ್ತದೆ. ಗೆರೆ ಏರಿಸಿದರೆ ಹಕ್ಕಿಯ ಕಾಟ ತಪ್ಪುತ್ತದೆ, ಜೊತೆಗೆ ಒಂದೆರಡು ವಿಮಾನವೂ ತಪ್ಪಿಹೋಗುತ್ತದೆ. ಎರಡು ತಪ್ಪಿನಿಂದಲೂ ಪಾರಾಗುವ ಗೆರೆ ಇಲ್ಲ.

ದೇವರ ದನಿಗೆ ಕಾಯುವವರ ಮುಂದೆಯೂ ಇರುವುದು ಇದೇ ಪ್ರಶ್ನೆ. ತಮಗೆ ಬೇಕಾದ್ದನ್ನೆಲ್ಲ ದೇವರೇ ಹೇಳಿದ ಅನ್ನುವವರನ್ನು ಎಲ್ಲ ಮತಗಳಲ್ಲೂ ಕಂಡಿದ್ದೇವೆ. ಕಥೋಲಿಕ ಪರಂಪರೆಯ ಬಗ್ಗೆ ಓದಿದಾಗ ನನಗೆ ಅಚ್ಚರಿಯಾದದ್ದು, ಅಲ್ಲಿ ಈ ಸುಳ್ಳು ಕರೆಗಳ ಮೇಲಿರುವ ಅನುಮಾನ. ಹದಿನಾರನೇ ಶತಮಾನದ ಸ್ಪೇನಿನ ಸಂತ, ಶಿಲುಬೆಯ ಯೋವಾನ್ನ, ದರ್ಶನ ಮತ್ತು ಅಶರೀರವಾಣಿಗಳ ಬೆನ್ನು ಹತ್ತಬೇಡಿ ಎಂದೇ ತನ್ನ ಶಿಷ್ಯರಿಗೆ ತಾಕೀತು ಮಾಡಿದ್ದ.

ಈ ವಿಷಯದಲ್ಲಿ ಹೆಚ್ಚು ಕೆಲಸ ಮಾಡಿದವನು ಲೊಯೋಲದ ಇಗ್ನೇಷಿಯಸ್ (1491–1556). ಬೆಂಗಳೂರು ಸುತ್ತಿನ ಹಳೆಯ ಕ್ರೈಸ್ತ ಮನೆತನಗಳಲ್ಲಿ ಈತನ ಹೆಸರು ‘ಇನ್ನಾಸಪ್ಪ’ ಆಗಿದೆ, ಕ್ಸೇವಿಯರ್ ‘ಚೌರಪ್ಪ’ ಆದಂತೆ. ಇನ್ನಾಸಪ್ಪ ಅಂದರೆ ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಬದುವಿನ ಮೇಲೆ ನಿಂತವರ ಚಿತ್ರ ಕಣ್ಣಿಗೆ ಬರುತ್ತದೆ. ಮೂಲಪುರುಷ ಮಾತ್ರ ಮೀಸೆ ತಿರುವುವ ಸೈನಿಕ. 1521ರ ಮೇ ತಿಂಗಳಲ್ಲಿ ಪಾಂಪ್ಲೋನದ ಕೋಟೆಯಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿಯಿತು. ಮನೆಯಲ್ಲಿ ಮಲಗಿದಲ್ಲೇ ತಿಂಗಳುಗಟ್ಟಲೆ ಕಳೆಯಬೇಕಾಯಿತು. ಓದಲು ಶೂರರ ಪ್ರೇಮಕತೆಗಳನ್ನು ಕೇಳಿದ; ಮನೆಯಲ್ಲಿ ಅವು ಇರಲಿಲ್ಲ, ಕ್ರಿಸ್ತನ ಚರಿತ್ರೆ ಮತ್ತು ಸಂತರ ಕತೆಗಳನ್ನು ಕೊಟ್ಟರು. ಓದುತ್ತ ಹಗಲುಗನಸು ಕಾಣತೊಡಗಿದ. ಒಮ್ಮೆ ಯಾವುದೋ ಅರಮನೆಯ ಹೆಣ್ಣಿಗಾಗಿ ಮಾಡಲಿರುವ ಸಾಹಸಗಳ ಕನಸು, ಇನ್ನೊಮ್ಮೆ ಸಂತರಂತೆ ಬರಿಗಾಲಲ್ಲಿ ಜೆರುಸಲೇಮಿಗೆ ನಡೆವ ಕನಸು. ಕಾಣುವಾಗ ಎರಡೂ ಸಿಹಿ. ಮುಗಿದ ಮೇಲೆ ಮೊದಲನೆಯದು ಬಾಯಿ ಒಣಗಿಸಿ ಹೋಗುತ್ತಿತ್ತು, ಎರಡನೆಯದರ ಸಂತೋಷ ಉಳಿಯುತ್ತಿತ್ತು. ಇಷ್ಟನ್ನು ಗಮನಿಸಿದ್ದೇ ಅವನ ಶೋಧ. ಕನಸಿನ ರುಚಿಗಿಂತ ನಾಲಗೆಯ ಮೇಲೆ ಆಮೇಲೆ ಉಳಿಯುವ ರುಚಿಯನ್ನು ನಂಬು.

ಮರುವರ್ಷ ಮನ್ರೇಸ ಎಂಬ ಊರಿನಲ್ಲಿ ಇನ್ನೂ ಸ್ವಾರಸ್ಯದ ಸಂಗತಿ ನಡೆಯಿತು. ರಾತ್ರಿ ಮಲಗಲು ಹೋದಾಗಲೇ ಅವನಿಗೆ ದೊಡ್ಡ ದೊಡ್ಡ ಆಧ್ಯಾತ್ಮಿಕ ಹೊಳಹುಗಳು ಬರುತ್ತಿದ್ದವು. ಬೇರೆ ಯಾರಾದರೂ ಆಗಿದ್ದರೆ ಎದ್ದು ಕೂತು ಬರೆದಿಡುತ್ತಿದ್ದರು. ಇಗ್ನೇಷಿಯಸ್ ಲೆಕ್ಕ ಹಾಕಿದ: ಹಗಲೆಲ್ಲ ಪ್ರಾರ್ಥನೆಗೆ ಸಮಯವಿದೆ, ಇದು ನಿದ್ದೆಗೆ ಇಟ್ಟ ಅಲ್ಪ ಹೊತ್ತು, ಅದನ್ನೂ ಕಸಿಯುವುದು ಒಳ್ಳೆಯ ಕಡೆಯಿಂದ ಬಂದಿರಲಾರದು. ಬಿಟ್ಟು ಮಲಗಿದ. ಕಣ್ಣು ಕೋರೈಸುವ ಅನುಭವವನ್ನೂ ಅದರ ಪರಿಣಾಮದಿಂದ ತೂಗಿ ಪಕ್ಕಕ್ಕಿಡುವ ಈ ಬುದ್ಧಿ ಒಳ್ಳೆಯ ಪ್ರಯೋಗಶೀಲನದು.

1548ರಲ್ಲಿ ಅಚ್ಚಾದ ಅವನ ಆಧ್ಯಾತ್ಮಿಕ ಸಾಧನೆಗಳ ಪುಸ್ತಕದಲ್ಲಿ ಇಂಥ ನಿಯಮಗಳ ಸಾಲೇ ಇದೆ. ಮನಸ್ಸು ಬರಡಾಗಿರುವಾಗ ಹಿಂದೆ ಮಾಡಿದ ನಿರ್ಧಾರ ಬದಲಿಸಬೇಡ ಎಂಬುದು ಒಂದು. ರೇಡಾರಿನ ಭಾಷೆಯಲ್ಲಿ, ಪರದೆಯ ಮೇಲೆ ಗದ್ದಲ ಹೆಚ್ಚಿರುವಾಗ ಗೆರೆಯನ್ನು ಮುಟ್ಟಬೇಡ. ಒಳಗಿನ ತಳಮಳವನ್ನು ಗುಟ್ಟಾಗಿಡದೆ ತಿಳಿದವರೊಬ್ಬರ ಮುಂದೆ ಬಿಚ್ಚಿಡು ಎಂಬುದು ಇನ್ನೊಂದು, ಅಂದರೆ ಏಲಿಯಂಥ ಎರಡನೇ ಕಿವಿ. ದಿನವೂ ಮಾಡಬೇಕಾದ ಅಭ್ಯಾಸ ಮಾತ್ರ ಚಿಕ್ಕದು, ಹದಿನೈದು ನಿಮಿಷದ ಆತ್ಮಪರಿಶೋಧನೆ. ಕೃತಜ್ಞತೆಯಿಂದ ತೊಡಗಿ, ಬೆಳಗಿನಿಂದ ನಡೆದದ್ದನ್ನು ಗಂಟೆಗಂಟೆಯಾಗಿ ತಿರುವಿ ಹಾಕಿ, ಎಲ್ಲಿ ಮನಸ್ಸು ಅರಳಿತು, ಎಲ್ಲಿ ಮುದುಡಿತು ಎಂದು ನೋಡಿ, ತಪ್ಪಿಗೆ ಕ್ಷಮೆ ಕೇಳಿ ನಾಳೆಯ ಕಡೆ ತಿರುಗುವುದು. ಎದುರು ಮನೆಯವರ ಮೇಲೆ ಬೆಳಗ್ಗೆ ಪಾರ್ಕಿಂಗ್ ವಿಷಯಕ್ಕೆ ರೇಗಿದ್ದು, ಆಫೀಸಿನಲ್ಲಿ ಒಬ್ಬರ ಮಾತು ಅರ್ಧಕ್ಕೇ ತುಂಡರಿಸಿದ್ದು, ಎಲ್ಲ ಅಲ್ಲಿ ಬರುತ್ತದೆ. ಭಾವನೆಗೆ ಹೆಸರಿಟ್ಟರೆ ಏನಾಗುತ್ತದೆ ಎಂದು ಮ್ಯಾಥ್ಯೂ ಲೀಬರ್ಮನ್ ತಂಡ 2007ರಲ್ಲಿ ಮೆದುಳಿನ ಸ್ಕ್ಯಾನ್ ಮಾಡಿ ನೋಡಿತು. ಕೋಪ, ಭಯದ ಮುಖಗಳನ್ನು ಕಂಡಾಗ ಆ ಭಾವವನ್ನು ಪದದಲ್ಲಿ ಗುರುತಿಸಿದವರಲ್ಲಿ, ಭಯದ ಗಂಟೆ ಬಾರಿಸುವ ಅಮಿಗ್ಡಾಲದ ಚಟುವಟಿಕೆ ತಗ್ಗಿತ್ತು. ಸ್ಕ್ಯಾನರ್ ಇಗ್ನೇಷಿಯಸ್‌ನ ದೇವರನ್ನು ಸಾಬೀತು ಮಾಡಲಿಲ್ಲ, ಅಲ್ಲಗಳೆಯಲೂ ಇಲ್ಲ. ಗದ್ದಲ ಇಳಿಯುವ ದಾರಿಯೊಂದನ್ನು ತೋರಿಸಿತು.

ಗದ್ದಲ ಎಂದೊಡನೆ ನಮ್ಮ ಪಶ್ಚಿಮ ಬೆಂಗಳೂರಿನವರು ನಗಬಹುದು. ಕಾಮಾಕ್ಷಿಪಾಳ್ಯದ ಲೇತ್ ಯಂತ್ರಗಳು, ಕಾರ್ಡ್ ರಸ್ತೆಯ ಹಾರ್ನು, ಮಾಗಡಿ ರಸ್ತೆಯ ಬಸ್ಸುಗಳ ನಡುವೆ ಮೌನವನ್ನು ಎಲ್ಲಿಂದ ತರುವುದು? ಪ್ರವಾದಿ ಎಲೀಯನಿಗೆ ಹೋರೇಬ್ ಬೆಟ್ಟವಿತ್ತು. ಅಲ್ಲಿ ಬಿರುಗಾಳಿ, ಭೂಕಂಪ, ಬೆಂಕಿ ಎಲ್ಲ ಕಳೆದ ಮೇಲೆ ಒಂದು ತೆಳುವಾದ ದನಿ ಬಂತು. ನಮಗೆ ಬೆಟ್ಟವಿಲ್ಲ. ಆದರೆ ಹದಿನೇಳನೇ ಶತಮಾನದ ಪ್ಯಾರಿಸ್ಸಿನಲ್ಲಿ ಕಾರ್ಮೆಲ್ ಮಠದ ಅಡುಗೆಯವನಾಗಿದ್ದ ಬ್ರದರ್ ಲಾರೆನ್ಸ್‌ಗೂ ಇರಲಿಲ್ಲ. ಒಂದೇ ಹೊತ್ತಿಗೆ ನಾಲ್ಕು ಜನ ನಾಲ್ಕು ಬಗೆಯದ್ದನ್ನು ಕೇಳುವ ಅಡುಗೆಮನೆಯ ಗಲಾಟೆಯಲ್ಲಿ, ಪೀಠದ ಮುಂದೆ ಮೊಣಕಾಲೂರಿದಾಗಿನ ನೆಮ್ಮದಿಯೇ ತನಗಿದೆ ಎಂದವನು ಅವನು. ಅಡುಗೆ ಕೆಲಸ ಅವನಿಗೆ ಇಷ್ಟವೇ ಇರಲಿಲ್ಲ ಎಂಬುದನ್ನು ಮರೆಯಬಾರದು. 

ಜಪ ಮತ್ತು ಮೌನದ ಬಗ್ಗೆ ಇಟಲಿಯ ಹೃದಯತಜ್ಞ ಲುಚಿಯಾನೊ ಬರ್ನಾರ್ಡಿ ಎರಡು ಸೊಗಸಾದ ಅಧ್ಯಯನ ಮಾಡಿದ್ದಾರೆ. 2001ರದು ಜಪಸರದ ಮೇಲೆ. ‘ನಮೋ ಮರಿಯಾ’ ಪ್ರಾರ್ಥನೆಯನ್ನು ಲ್ಯಾಟಿನ್‌ನಲ್ಲಿ ಹೇಳಿಸಿ 23 ಜನರ ಉಸಿರು, ನಾಡಿ ಅಳೆದರು. ಉಸಿರು ನಿಮಿಷಕ್ಕೆ ಆರರ ಆಸುಪಾಸಿಗೆ ಇಳಿಯಿತು; ರಕ್ತದೊತ್ತಡದ ಸಹಜ ಏರಿಳಿತಕ್ಕೂ ಹತ್ತು ಸೆಕೆಂಡಿನದೇ ಲಯ, ಎರಡೂ ತಾಳ ಕೂಡಿಸಿಕೊಂಡವು. ಟಿಬೆಟ್ಟಿನವರ ಮಣಿಮಂತ್ರ ಹೇಳಿಸಿದಾಗಲೂ ಹಾಗೆಯೇ ಆಯಿತು. ಕನ್ನಡದಲ್ಲಿ ಪದಗಳು ಉದ್ದ, ಜೊತೆಗೆ ಅಕ್ಟೋಬರಿನ ಜಪಸರದಲ್ಲಿ ಊಟದ ಹೊತ್ತು ಮೀರಿತೆಂದು ರೈಲಿನ ವೇಗದಲ್ಲಿ ಹೇಳುವವರೂ ಇರುತ್ತಾರೆ. ಅವರ ಉಸಿರು ಆರಕ್ಕೆ ಇಳಿದೀತೆಂದು ನಾನು ಹೇಳಲಾರೆ. 2006ರದು ಸಂಗೀತದ ಮೇಲಿನ ಅಧ್ಯಯನ. ಹಾಡುಗಳ ನಡುವೆ ಎರಡು ನಿಮಿಷದ ಬಿಡುವು ಇಟ್ಟಿದ್ದರು. ನಿಧಾನದ ಸಂಗೀತಕ್ಕಿಂತಲೂ ದೇಹ ಹೆಚ್ಚು ಸಡಿಲವಾದದ್ದು ಆ ಬಿಡುವಿನಲ್ಲಿ. ಸದ್ದಿನ ನಂತರದ ಮೌನಕ್ಕೆ ಅದರದೇ ಬಲವಿದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್ಮನ್ ಅಮೆರಿಕದ ಕ್ರೈಸ್ತರ ನಡುವೆ ವರ್ಷಗಟ್ಟಲೆ ಕೂತು, ಪ್ರಾರ್ಥನೆಯಲ್ಲಿ ಪಳಗಿದವರಿಗೆ ಒಳಗಿನ ದನಿ, ಚಿತ್ರಗಳು ಹೆಚ್ಚು ಸ್ಪಷ್ಟವಾಗುತ್ತವೆ ಎಂದು ಕಂಡವರು. ಅದು ಹುಚ್ಚಲ್ಲ ಎಂದವರೂ ಅವರೇ. ಚೆನ್ನೈ, ಅಕ್ರಾ ಮತ್ತು ಅಮೆರಿಕದಲ್ಲಿ ಸ್ಕಿಜೋಫ್ರೇನಿಯಾ ಇರುವವರ ದನಿಗಳನ್ನೂ ಅವರು ಹೋಲಿಸಿದರು. ಅಮೆರಿಕದವರಿಗೆ ಕೇಳಿಸಿದವು ಹೆಚ್ಚಾಗಿ ಅಪರಿಚಿತರ ಹಿಂಸೆಯ ಮಾತು. ಚೆನ್ನೈನ ಹಲವರಿಗೆ ಮನೆಯ ಹಿರಿಯರ ದನಿ, ಕೆಲಸ ಮಾಡು, ಸ್ನಾನ ಮಾಡು ಎಂಬ ಗದರಿಕೆ. ದನಿ ಮೃದುವಾಗಿದೆ ಎಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ. ಹೊರಗಿನಿಂದ ಬಂದಂತೆ ಬಿಡದೆ ಕೇಳಿಸುವ, ಆಜ್ಞೆ ಮಾಡುವ, ನಿದ್ದೆಗೆಡಿಸುವ ದನಿಯಿದ್ದರೆ ಧ್ಯಾನಕೂಟಕ್ಕೆ ಮೊದಲು ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗಬೇಕು. ನಿದ್ದೆ ಕಸಿಯುವ ಹೊಳಹನ್ನು ಇಗ್ನೇಷಿಯಸ್ ಕೂಡ ನಂಬಲಿಲ್ಲವಷ್ಟೆ.

ಉಳಿದವರು, ನಂಬುವವರಾಗಲಿ ನಂಬದವರಾಗಲಿ, ಒಂದು ವಾರ ಇಗ್ನೇಷಿಯಸ್‌ನ ಆ ಹದಿನೈದು ನಿಮಿಷದ ಆತ್ಮಪರಿಶೋಧನೆಯನ್ನು ಪರೀಕ್ಷಿಸಿ ನೋಡಬಹುದು. ಹೊತ್ತು ಗೊತ್ತು ಮಾಡಿಕೊಳ್ಳಲು ಕಾನೂನಿನ ನೆರವೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾಜಾಜಿನಗರದ ಮನೆಯಂಗಳಕ್ಕೂ ಕೆಂಗೇರಿ ಉಪನಗರದ ಮನೆಯಂಗಳಕ್ಕೂ ಹಗಲಿನ ಮಿತಿ 55 ಡೆಸಿಬೆಲ್. ರಾತ್ರಿ ಹತ್ತು ಹೊಡೆದ ಮೇಲೆ ಅದು 45. ಕಾಗದದ ಮೇಲಾದರೂ ಸದ್ದಿನ ಶಕ್ತಿ ಆಗ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ.