ಮರೆವಿನ ಮನೆಯಲ್ಲಿ ಬೆಳೆಯುವ ಮಕ್ಕಳು

‘ಅರವತ್ತಕ್ಕೆ ಅರಳುಮರಳು’ ಎಂಬುದು ನಮ್ಮವರ ಹಳೆಯ ಗಾದೆ. ಹಿರಿಯರ ಮರೆವನ್ನು ನಕ್ಕು ಸುಮ್ಮನಾಗುವುದಕ್ಕೆ ಅದು ಬಹುಕಾಲದಿಂದ ಒದಗಿಬಂದಿದೆ. ಕನ್ನಡಕವನ್ನು ಹಣೆಗೇರಿಸಿಕೊಂಡು ಮನೆಯೆಲ್ಲ ಹುಡುಕುವುದು ವಯಸ್ಸಿನ ಮರೆವು, ನಕ್ಕರೆ ದೋಷವಿಲ್ಲ. ಆದರೆ ಕನ್ನಡಕವು ಏತಕ್ಕೆಂಬುದೇ ತಿಳಿಯದಂತಾದರೆ ಅದನ್ನು ರೋಗವೆಂದೇ ಶಂಕಿಸಬೇಕು. ಈ ಭೇದವನ್ನು ದೊಡ್ಡವರಾದ ನಾವೇ ಅರಿಯದಿದ್ದರೆ, ಅದೇ ಮನೆಯಲ್ಲಿ ಬೆಳೆಯುವ ಹದಿಮೂರು, ಹದಿನಾಲ್ಕರ ಮಕ್ಕಳಿಗೆ ತಿಳಿಸುವವರಾರು?

ಜರ್ಮನಿಯ ವೈದ್ಯ ಅಲೋಯಿಸ್ ಅಲ್‌ಝೈಮರ್ ಅವರು 1901ರಲ್ಲಿ ಫ್ರಾಂಕ್‌ಫರ್ಟ್ ನಗರದಲ್ಲಿ ಆಗಸ್ಟೆ ಡೀಟರ್ ಎಂಬ ಐವತ್ತೊಂದರ ಹೆಂಗಸನ್ನು ಪರೀಕ್ಷಿಸಿದರು. ಆಕೆಗೆ ತನ್ನ ಹೆಸರನ್ನು ಸರಿಯಾಗಿ ಬರೆಯಲೂ ಆಗುತ್ತಿರಲಿಲ್ಲ. ಗಂಡನ ಮೇಲೆ ವಿನಾಕಾರಣ ಸಂಶಯವಿತ್ತು. ಆಕೆಯ ಮರಣಾನಂತರ ಮಿದುಳನ್ನು ಪರೀಕ್ಷಿಸಿ, ಅಲ್ಲಿ ಕಂಡ ವಿಕಾರಗಳನ್ನು 1906ರಲ್ಲಿ ಅವರು ವೈದ್ಯರ ಸಭೆಗೆ ವಿವರಿಸಿದರು. 1910ರಿಂದ ಈ ರೋಗಕ್ಕೆ ಅವರ ಹೆಸರೇ ನಿಂತಿದೆ. 2023ರಲ್ಲಿ ಪ್ರಕಟವಾದ ಅಂದಾಜಿನಂತೆ, ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಸುಮಾರು 88 ಲಕ್ಷ ಮಂದಿ ಇಂಥ ಬುದ್ಧಿಮಾಂದ್ಯದ ರೋಗಗಳಿಂದ ಬಳಲುತ್ತಿದ್ದಾರೆ. ಅವುಗಳಲ್ಲಿ ಅಲ್‌ಝೈಮರ್ ರೋಗವೇ ಹೆಚ್ಚು.

ಹೊರನಾಡಿನಲ್ಲಿ ನೆಲಸಿದ ನಮ್ಮ ಕುಟುಂಬಗಳ ಸ್ಥಿತಿಯನ್ನು ನೋಡೋಣ. ತಂದೆಯು ಬೆಳಗಿನ ಪಾಳಿಗೆಂದು ಐದಕ್ಕೆ ಮುಂಚೆಯೇ ಹೋಟೆಲಿಗೆ ಹೊರಡುತ್ತಾನೆ. ಇಲ್ಲವೆ ಲೋಕಲ್ ಗಾಡಿ ಹಿಡಿದು ಕಚೇರಿಗೆ ಹೋಗುತ್ತಾನೆ. ತಾಯಿಗೂ ದುಡಿಮೆ ತಪ್ಪಿದ್ದಲ್ಲ. ಹಗಲೆಲ್ಲ ಅಜ್ಜನೊಡನೆ ಒಂದೇ ಖೋಲಿಯಲ್ಲಿ ಉಳಿಯುವವನು ಶಾಲೆಯಿಂದ ಬಂದ ಮೊಮ್ಮಗನು. ಅಜ್ಜನೋ, ಹೋಟೆಲನ್ನು ಬಿಟ್ಟು ಇಪ್ಪತ್ತು ವರ್ಷಗಳಾದರೂ ನಡುಹಗಲಿನಲ್ಲಿ ಎದ್ದು ಅಂಗಿ ತೊಟ್ಟು, “ಗಲ್ಲೆಯಲ್ಲಿ ಯಾರೂ ಇಲ್ಲ, ನಾನು ಹೋಗಬೇಕು” ಎಂದು ಬಾಗಿಲಿಗೆ ಬರುತ್ತಾನೆ. ತಡೆದರೆ, “ನೀನೇ ನನ್ನ ಹಣ ಕದ್ದವನು” ಎನ್ನುತ್ತಾನೆ. ಹೆಗಲ ಮೇಲೆ ಕೂರಿಸಿಕೊಂಡು ಚೌಪಾಟಿ ತೋರಿಸಿದ ಅಜ್ಜನ ಬಾಯಿಂದ ಇಂಥ ಮಾತು ಬಂದರೆ ಹುಡುಗನ ಎದೆಗೆ ನಾಟದೆ ಇರುವುದೇ?

ಆದುದರಿಂದ ಮೊದಲು ಮಾಡಬೇಕಾದುದು ಮಕ್ಕಳಿಗೆ ನಿಜವನ್ನು ಹೇಳುವುದು. ಅಜ್ಜನಿಗೆ ಮಿದುಳಿನ ರೋಗವುಂಟು. ಇತ್ತೀಚಿನ ನೆನಪು ಮೊದಲು ಅಳಿಯುತ್ತದೆ, ಹಳೆಯದು ಹೆಚ್ಚು ಕಾಲ ಉಳಿಯುತ್ತದೆ. ಸಂಶಯ, ಸಿಟ್ಟು, ಕೇಳಿದುದನ್ನೇ ಕೇಳುವುದು ಇವೆಲ್ಲ ರೋಗದ ಲಕ್ಷಣಗಳು ಎಂದು ತಿಳಿಯಹೇಳಬೇಕು. ಔಷಧದಿಂದ ಕೆಲವರಿಗೆ ಕೆಲವು ಕಾಲ ತುಸು ಉಪಶಮನ ದೊರಕೀತು, ರೋಗವು ಪೂರ್ಣ ವಾಸಿಯಾಗದು ಎಂಬುದನ್ನೂ ಮುಚ್ಚಿಡಬಾರದು. ಮಕ್ಕಳಿಗೆ ಏನೂ ತಿಳಿಯದೆಂದು ನಾವು ಪಿಸುಮಾತಿನಲ್ಲಿ ಆಡಿಕೊಂಡರೆ, ಅವರು ತಮ್ಮಿಂದಲೇ ತಪ್ಪಾಯಿತೆಂದು ಭಾವಿಸುವುದುಂಟು.

ಎರಡನೆಯದಾಗಿ, ವಾದ ಬೇಡವೆಂದು ಕಲಿಸಬೇಕು. “ಹೋಟೆಲು ಬಿಟ್ಟು ಎಷ್ಟೋ ವರ್ಷವಾಯಿತು” ಎಂದು ತಿದ್ದಹೊರಟರೆ ಅಜ್ಜನ ಕಳವಳ ಹೆಚ್ಚುತ್ತದೆ. “ಚಾ ಕುಡಿದು ಹೋಗುವ, ಅಜ್ಜಾ. ಆಗ ನಿಮ್ಮ ಹೋಟೆಲಿನಲ್ಲಿ ದೋಸೆಗೆ ಎಷ್ಟು?” ಎಂದು ಕೇಳಿದರೆ ಮಾತು ಹಳೆಯ ದಾರಿಗೆ ಹೊರಳುತ್ತದೆ, ಅನೇಕ ವೇಳೆ ಬಾಗಿಲಿನ ನೆನಪೂ ಹೋಗುತ್ತದೆ. ಆದರೂ ಒಮ್ಮೊಮ್ಮೆ ಅಜ್ಜನು ಹೊರಗೆ ಹೋಗಿಬಿಡಬಹುದು. ಅಂಗಿಯ ಜೇಬಿನಲ್ಲಿ ವಿಳಾಸದ ಚೀಟಿ ಇರಲಿ. ಚಾಳಿನ ನೆರೆಯವರಿಗೂ ಮೂಲೆಯ ಅಂಗಡಿಯವರಿಗೂ ವಿಷಯ ತಿಳಿದಿರಲಿ.

ನಮಗೇ ವಿಶೇಷವಾದ ತೊಡಕೊಂದುಂಟು. ನಡುವಯಸ್ಸಿನಲ್ಲಿ ಕಲಿತ ಮರಾಠಿ, ಹಿಂದಿಗಳು ಜಾರಿಹೋಗಿ, ತಾಯಿಯ ಮಡಿಲಲ್ಲಿ ಕಲಿತ ಕನ್ನಡ, ತುಳು, ಕೊಂಕಣಿಗಳೇ ಉಳಿಯುವುದು ಹಲವು ರೋಗಿಗಳಲ್ಲಿ ಕಂಡುಬಂದಿದೆ. ಇತ್ತ ಮೊಮ್ಮಕ್ಕಳಿಗೆ ಆ ಭಾಷೆ ಅರ್ಧಂಬರ್ಧ. ಒಂದೇ ಚಾಪೆಯ ಮೇಲೆ ಕುಳಿತ ಇಬ್ಬರ ನಡುವೆ ಮಾತೇ ನಿಂತುಹೋಗುತ್ತದೆ. ನೀರು, ಊಟ, ನೋವು, ಚಳಿ, ‘ನಾನಿದ್ದೇನೆ, ಹೆದರಬೇಡಿ’ ಎಂಬಷ್ಟನ್ನಾದರೂ ಅಜ್ಜನ ಭಾಷೆಯಲ್ಲಿ ಆಡಲು ಮಕ್ಕಳಿಗೆ ನಾವು ಕಲಿಸಿಕೊಡಬೇಕು. ಊರ ಕನ್ನಡದ ಹಳೆಯ ಹಾಡೊಂದನ್ನು ಕೂಡಿ ಹಾಡಿದರಂತೂ, ಹೆಸರು ಮರೆತ ಅಜ್ಜಿಯ ತುಟಿಯೂ ಕೆಲವೊಮ್ಮೆ ಅಲುಗುತ್ತದೆ.

ಇನ್ನು ಕೆಲಸದ ಪಾಲು. ಮಕ್ಕಳು ನೆರವಾಗಲಿ, ಅರ್ಧ ಗಂಟೆ ಜತೆಗಿರಲಿ, ತಿಂಡಿ ಕೊಡಲಿ, ಸಂಜೆ ಕೈಹಿಡಿದು ನಡೆಸಲಿ. ಆದರೆ ಇಡೀ ಭಾರವನ್ನು ಅವರ ಮೇಲೆ ಹೊರಿಸುವುದು ಅನ್ಯಾಯ. ಇಲ್ಲಿ ಹೆಣ್ಣುಮಕ್ಕಳ ವಿಚಾರವನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಹತ್ತನೆಯ ತರಗತಿಯ ಪರೀಕ್ಷೆ ಎದುರಿಗಿದ್ದರೂ ಅಜ್ಜಿಯ ಸ್ನಾನ, ಬಟ್ಟೆ, ರಾತ್ರಿಯ ಎಚ್ಚರ ಎಲ್ಲವೂ ಮಗಳ ಪಾಲಿಗೆ, ಮೈದಾನದ ಆಟವು ಮಗನ ಪಾಲಿಗೆ ಎಂದಾದರೆ, ಮನೆಯ ರೋಗವು ಇನ್ನೊಂದು ಜೀವದ ಭವಿಷ್ಯವನ್ನೂ ತಿಂದಂತೆ.

ಮಕ್ಕಳಿಗೆ ಸಿಟ್ಟು ಬಂದೀತು. ಸ್ನೇಹಿತರನ್ನು ಮನೆಗೆ ಕರೆಯಲು ನಾಚಿಕೆಯಾದೀತು. ‘ಇದು ಎಂದು ಮುಗಿಯುವುದೋ’ ಎಂಬ ಆಲೋಚನೆ ಸುಳಿದು, ಅದಕ್ಕಾಗಿ ಮತ್ತೆ ಪಶ್ಚಾತ್ತಾಪವೂ ಆದೀತು. ಇವೆಲ್ಲ ಸಹಜ, ಗದರಿಸಬಾರದು. ‘ನಾಳೆ ಅಪ್ಪನಿಗೂ ನನಗೂ ಬರುವುದೇ?’ ಎಂಬ ಹೆದರಿಕೆಯೂ ಒಳಗೊಳಗೇ ಇರುತ್ತದೆ. ಬಹುಪಾಲು ಈ ರೋಗ ಅರವತ್ತೈದು ದಾಟಿದ ಮೇಲೆ ಬರತಕ್ಕದ್ದು. ವಂಶವಾಹಿನಿಯಿಂದ ಚಿಕ್ಕ ವಯಸ್ಸಿಗೇ ಬರುವುದು ಅಪರೂಪ. ಅಜ್ಜನಿಗೆ ಬಂದ ಮಾತ್ರಕ್ಕೆ ಮೊಮ್ಮಗನಿಗೆ ಬಂದೇ ಬರುವುದೆಂದಿಲ್ಲ ಎಂದು ಧೈರ್ಯ ಹೇಳಬೇಕು.

ಮರೆವು ಕಂಡೊಡನೆ ವೈದ್ಯರಲ್ಲಿಗೆ ಹೋಗುವುದು ಅವಶ್ಯ. ಥೈರಾಯ್ಡ್ ದೋಷ, ಬಿ-12 ಜೀವಸತ್ವದ ಕೊರತೆ, ಮನೋಖಿನ್ನತೆಗಳಿಂದಲೂ ಇಂಥ ಮರೆವು ಬರುವುದುಂಟು, ಇವಕ್ಕೆ ಚಿಕಿತ್ಸೆಯಿದೆ. ಕೇರಳದಲ್ಲಿ 1992ರಲ್ಲಿ ಆರಂಭವಾದ ಅಲ್‌ಝೈಮರ್ಸ್ ಅಂಡ್ ರಿಲೇಟೆಡ್ ಡಿಸಾರ್ಡರ್ಸ್ ಸೊಸೈಟಿ ಆಫ್ ಇಂಡಿಯಾ ಸಂಸ್ಥೆಯು ಇಂಥ ಕುಟುಂಬಗಳಿಗೆಂದೇ ಹುಟ್ಟಿದ್ದು. ಮಗುವಿನ ನಿದ್ದೆ ಕೆಟ್ಟರೆ, ಅಂಕಗಳು ಕುಸಿದರೆ, ಮಾತು ನಿಂತರೆ ಶಾಲೆಯ ಗುರುಗಳಿಗೆ ಮನೆಯ ಸಂಗತಿಯನ್ನು ತಿಳಿಸಬೇಕು. ಸರ್ಕಾರವು 2022ರಲ್ಲಿ ಆರಂಭಿಸಿದ ‘ಟೆಲಿ-ಮಾನಸ್’ ಸೇವೆಗೆ 14416ರಲ್ಲಿ ಉಚಿತವಾಗಿ ಕರೆಮಾಡಿ, ಕನ್ನಡದಲ್ಲಿಯೇ ಮನಸ್ಸಿನ ಭಾರವನ್ನು ಹೇಳಿಕೊಳ್ಳಬಹುದು.

ದುಡಿಮೆಯ ನಡುವೆ ನಮಗೆ ಬಿಡುವು ಕಡಿಮೆಯೆಂಬುದು ನಿಜ. ಆದರೂ ವಾರದ ರಜೆಯ ದಿನ ಒಂದು ಗಂಟೆ ಅಜ್ಜನ ಬಳಿ ನಾವು ಕುಳಿತು, ಮಕ್ಕಳನ್ನು ಆಟಕ್ಕೆ ಕಳುಹಿಸೋಣ. ಮರಳಿ ಬಂದ ಮೇಲೆ ಅವರ ಮಾತನ್ನು ಕೇಳೋಣ. ಹಿರಿಯರ ಸೇವೆ ಹೇಗೆಂಬುದನ್ನು ಅವರು ಕಲಿಯಬೇಕಾದುದು ನಮ್ಮನ್ನು ನೋಡಿಯೇ.