ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ?

ಕಾಶಿಯ ವಿಶ್ವನಾಥ ಗಲ್ಲಿಯಲ್ಲಿ ನಾವು ಉಳಿದುಕೊಂಡಿದ್ದ ಲಾಡ್ಜಿನ ಮಾಲೀಕರ ಹತ್ತಿರ ಒಂದು ಗುಲೇಲ್ ಇತ್ತು. ಗುಲೇಲ್ ಅಂದರೆ ನಮ್ಮ ಕಡೆಯ ಕ್ಯಾಟರ್ ಬಿಲ್ಲು. ತಾರಸಿಯಲ್ಲಿ ಒಣಗಲು ಹಾಕಿದ ಪಂಚೆ, ಟವೆಲ್ಲುಗಳನ್ನು ಎಳೆದಾಡಲು ಕೋತಿಗಳು ಬಂದಾಗ ಅವರು ಅದನ್ನು ಎತ್ತಿ, ರಬ್ಬರ್ ಎಳೆದು ಗುರಿ ಹಿಡಿಯುತ್ತಿದ್ದರು. ಅಷ್ಟಕ್ಕೇ ಕೋತಿಗಳು ಪಕ್ಕದ ಮನೆಗೆ ಹಾರುತ್ತಿದ್ದವು. ಕಲ್ಲು ಮಾತ್ರ ಹಾಕುತ್ತಿರಲಿಲ್ಲ. ಯಾಕೆಂದು ಕೇಳಿದರೆ ಕೆಳಗಿನ ಗಲ್ಲಿಯತ್ತ ಕೈ ತೋರಿಸಿದರು. ಕೋತಿಗೆ ತಪ್ಪಿದರೆ ಯಾರೋ ಯಾತ್ರಿಕರ ತಲೆಗೆ ಬೀಳುತ್ತದಂತೆ.

ಅಣ್ಣನ ಅಸ್ಥಿ ವಿಸರ್ಜನೆಗೆಂದು ಹೋಗಿದ್ದೆವು. ನಾನು ದೆಹಲಿಯಿಂದ, ಅಣ್ಣನ ಮಗ ಟೆಕ್ಸಾಸ್‌ನಿಂದ ಬಂದು, ತೀರ್ಥಹಳ್ಳಿ ಕಡೆಯ ನಮ್ಮ ಊರಿನಲ್ಲಿ ಕಾರ್ಯ ಮುಗಿಸಿಕೊಂಡು. ಬೆಳಿಗ್ಗೆ ದಶಾಶ್ವಮೇಧ ಘಾಟಿನಲ್ಲಿ ದೋಣಿ ಹತ್ತಿ ನಡುಹೊಳೆಯಲ್ಲಿ ಕೆಲಸ ಮುಗಿಸಿದ್ದೆವು. ಮಧ್ಯಾಹ್ನ ತಾರಸಿಯಲ್ಲಿ ಕೂತಾಗ ಅವನು ಕೇಳಿದ: "ಚಿಕ್ಕಪ್ಪ, ಅಪ್ಪನ ಕೋವಿ ಏನು ಮಾಡೋದು?"

ಅಣ್ಣನದು ಲೈಸೆನ್ಸ್ ಇದ್ದ ತೋಟಾ ಕೋವಿ. ಪ್ರತಿ ಚುನಾವಣೆಗೂ ಅದನ್ನು ಠಾಣೆಗೆ ಹೊತ್ತೊಯ್ದು ಇಟ್ಟು, ಮುಗಿದ ಮೇಲೆ ತರುವಾಗ ಗೊಣಗುತ್ತಿದ್ದ. ಲೈಸೆನ್ಸುದಾರ ತೀರಿಕೊಂಡರೆ ಕೋವಿಯನ್ನು ಠಾಣೆಯಲ್ಲಾಗಲಿ ಲೈಸೆನ್ಸ್ ಇರುವ ಅಂಗಡಿಯಲ್ಲಾಗಲಿ ಜಮಾ ಮಾಡಬೇಕು; ವಾರಸುದಾರರು ಬೇಕಿದ್ದರೆ ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. ಮಗ ವಿದೇಶದಲ್ಲಿ, ನಾನು ದೆಹಲಿಯ ಫ್ಲ್ಯಾಟಿನಲ್ಲಿ. ಊರಲ್ಲಿರುವುದು ಅತ್ತಿಗೆ ಒಬ್ಬರೇ. ಮನೆಯ ಕೆಳಗೆ ಅಡಿಕೆ ತೋಟ. ರಾತ್ರಿ ಕಾಡುಹಂದಿ ಬಂದು ಸಸಿಯ ಬುಡ ಬಗೆದು ಹೋಗುತ್ತವೆ. ಕೋವಿ ಇಲ್ಲದೆ ಅಮ್ಮ ಹೇಗೆ ಇರುತ್ತಾರೆ ಎಂಬುದು ಅವನ ಚಿಂತೆ.

ಅದಕ್ಕೆ ಅವನೇ ಒಂದು ದಾರಿ ಹುಡುಕಿಕೊಂಡಿದ್ದ. ಟೆಕ್ಸಾಸ್‌ನಲ್ಲಿ ಗೆಳೆಯರ ಜೊತೆ ಅವನು ಹಂದಿ ಹೊಡೆಯುವುದು ಬಿಗ್ ಬೋರ್ ಏರ್ ರೈಫಲ್‌ನಿಂದ. "ಮಸಿ ಬೇಡ, ಕೇಪು ಬೇಡ, ತೋಟಾ ಬೇಡ. ಗಾಳಿ ತುಂಬಿದರೆ ಆಯ್ತು. ಇಲ್ಲಿ ಏರ್‌ಗನ್‌ಗೆ ಲೈಸೆನ್ಸೂ ಬೇಡ ಅಲ್ವಾ? ತೋಟ ನೋಡಿಕೊಳ್ಳೋ ಹುಡುಗನಿಗೆ ಕಲಿಸಿದರೆ ಸಾಕು. ಯಾವ ಸ್ಲಗ್ ಅಂತ ನಾನು ಹೇಳ್ತೀನಿ" ಎಂದ.

ಲೈಸೆನ್ಸ್ ಬೇಡ ಎಂಬ ಅರ್ಧ ಸತ್ಯ

ಏರ್‌ಗನ್ ಎಂದರೆ ಆಟಿಕೆ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಪೂರ್ತಿ ತಪ್ಪಲ್ಲ. 2016ರ ಆಯುಧ ನಿಯಮಗಳ ಪ್ರಕಾರ ನಳಿಗೆಯ ವ್ಯಾಸ 4.5 ಮಿಲಿಮೀಟರ್ ಮೀರದ, ಗುಂಡಿನ ಶಕ್ತಿ 20 ಜೌಲ್ ದಾಟದ ಏರ್‌ಗನ್‌ಗೆ ಲೈಸೆನ್ಸ್ ಬೇಕಿಲ್ಲ. ಎರಡರಲ್ಲಿ ಒಂದು ಮೀರಿದರೂ ಬೇಕು.

ಅವನ ರೈಫಲ್ ಈ ಗೆರೆಯಿಂದ ಎಷ್ಟು ದೂರ ಎಂದು ಕಾಗದದ ಮೇಲೆ ಲೆಕ್ಕ ಹಾಕಿದೆವು. ಟೆಕ್ಸಾಸ್‌ನಲ್ಲಿ ಏರ್ ರೈಫಲ್‌ನಿಂದ ಜಿಂಕೆ ಹೊಡೆಯಬೇಕಾದರೆ ಕನಿಷ್ಠ .30 ಇಂಚಿನ ನಳಿಗೆ ಇರಬೇಕು. ಜೊತೆಗೆ 150 ಗ್ರೇನ್ ತೂಕದ ಗುಂಡು ಸೆಕೆಂಡಿಗೆ 800 ಅಡಿ ವೇಗದಲ್ಲಿ ಹೊರಡಬೇಕು, ಇಲ್ಲವೇ ಒಟ್ಟು ಶಕ್ತಿ 215 ಅಡಿ-ಪೌಂಡ್ ಇರಬೇಕು. ನಮ್ಮ ಅಳತೆಯಲ್ಲಿ ಅದು ಸುಮಾರು 290 ಜೌಲ್. ಇಲ್ಲಿ ಲೈಸೆನ್ಸ್ ಬೇಡದ ಮಿತಿಯ ಹದಿನಾಲ್ಕು ಪಟ್ಟಿಗೂ ಹೆಚ್ಚು, ಅದೂ ಅಲ್ಲಿಯ ಕನಿಷ್ಠ! ಅಂಥದ್ದನ್ನು ಹೊರದೇಶದಿಂದ ತರುವುದಕ್ಕೂ ಲೈಸೆನ್ಸ್ ಬೇಕು, ಇಟ್ಟುಕೊಳ್ಳುವುದಕ್ಕೂ ಬೇಕು. ಕೊಡವರಿಗೆ ಇರುವ ಕೋವಿ ವಿನಾಯಿತಿ ನಮ್ಮ ಮನೆಗೆ ಇಲ್ಲ.

ಹಂದಿಯ ವಿಷಯದಲ್ಲೂ ಎರಡು ದೇಶ ಎರಡು ಥರ. ಅಮೆರಿಕದಲ್ಲಿ ಅದು ಹೊರಗಿನಿಂದ ಬಂದು ಸೇರಿಕೊಂಡ ಪ್ರಾಣಿ. ಟೆಕ್ಸಾಸ್‌ನ ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆ ಇದ್ದರೆ, 2019ರಿಂದ ಹಂದಿ ಹೊಡೆಯಲು ಬೇಟೆ ಲೈಸೆನ್ಸ್ ಕೂಡ ಬೇಡ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಬೆಳೆ ಹಾಳು ಮಾಡುವ ಹಂದಿಯನ್ನು ಹೊಡೆಯಬೇಕಾದರೂ ಅಧಿಕಾರ ಇರುವ ಅರಣ್ಯಾಧಿಕಾರಿಯ ಲಿಖಿತ ಅನುಮತಿ ಬೇಕು.

"ಹಾಗಾದರೆ ನಾನು ಕಲಿತದ್ದೆಲ್ಲ ಇಲ್ಲಿ ದಂಡ" ಎಂದ ಅವನು.

"ಏನು ಕಲಿತಿದ್ದೀಯ ಹೇಳು ನೋಡೋಣ" ಎಂದೆ. ಚಿಕ್ಕಂದಿನಲ್ಲಿ ಅಜ್ಜನ ಪಕ್ಕದಲ್ಲಿ ಕೂತು ಸೀಸ ಕಾಯಿಸಿ ಎರಕ ಹೊಯ್ಯುವುದನ್ನು ನೋಡಿದವನು ನಾನು. ಕುತೂಹಲ ಇದ್ದೇ ಇತ್ತು.

ಡಮರು ಮತ್ತು ಬುಗುರಿ

ಸಂಜೆ ದರ್ಶನಕ್ಕೆಂದು ಗಲ್ಲಿಗಿಳಿದೆವು. ಬಳೆ, ರುದ್ರಾಕ್ಷಿ, ಹಿತ್ತಾಳೆ ಪಾತ್ರೆ, ಬನಾರಸಿನ ಬಣ್ಣದ ಮರದ ಆಟಿಕೆ. ಒಂದು ಆಟಿಕೆ ಅಂಗಡಿಯಲ್ಲಿ ಅವನು ಪುಟ್ಟ ಡಮರು ಎತ್ತಿಕೊಂಡ.

"ಮಾಮೂಲಿ ಏರ್‌ಗನ್ನಿನ ಪೆಲೆಟ್ ಇದೇ ಆಕಾರ. ನಡು ಸಣ್ಣ, ಹಿಂದೆ ಟೊಳ್ಳು ಲಂಗ. ಆ ಲಂಗಕ್ಕೆ ಗಾಳಿ ತಡೆಯುವುದರಿಂದ ಮೂಗು ಮುಂದಕ್ಕೇ ಇರುತ್ತದೆ. ಆದರೆ ಅದೇ ಗಾಳಿ ವೇಗವನ್ನೂ ತಿನ್ನುತ್ತದೆ. ಸ್ವಲ್ಪ ದೂರ ಹೋದರೆ ಕಸುವು ಇರುವುದಿಲ್ಲ."

ಆಮೇಲೆ ಒಂದು ಬುಗುರಿ ತೆಗೆದುಕೊಂಡು ಹಲಗೆಯ ಮೇಲೆ ತಿರುಗಿಸಿದ. "ಸ್ಲಗ್ ಹೀಗೆ. ಲಂಗ ಇಲ್ಲ, ಗಟ್ಟಿ ಸೀಸ. ತಿರುಗುತ್ತಿದ್ದರೆ ಮಾತ್ರ ನೆಟ್ಟಗೆ ಹೋಗುತ್ತದೆ. ತಿರುಗಿಸುವ ಕೆಲಸ ನಳಿಗೆಯ ಒಳಗಿನ ಸುರುಳಿ ಗೀರುಗಳದ್ದು. ಸ್ಲಗ್ ಉದ್ದವಾದಷ್ಟೂ ಬೇಗ ತಿರುಗಬೇಕು. ನಿಮ್ಮ ನಳಿಗೆಯ ಸುರುಳಿಗೆ ಮೀರಿದ ಉದ್ದ ಹಾಕಿದಿರೋ, ಸೋತ ಬುಗುರಿಯ ಹಾಗೆ ತೂರಾಡುತ್ತದೆ." ಆದ್ದರಿಂದ ತೂಕ ನೋಡಿ ಸ್ಲಗ್ ಕೊಳ್ಳುವುದಲ್ಲ, ಮೊದಲು ನಳಿಗೆ ನೋಡಬೇಕು ಎಂಬುದು ಅವನ ಮೊದಲ ಪಾಠ.

ಎರಡನೆಯದು ದಪ್ಪ. ಪೆಟ್ಟಿಗೆಯ ಮೇಲೆ .457, .458 ಎಂದೆಲ್ಲ ಬರೆದಿರುತ್ತದೆ. ಇಂಚಿನ ಸಾವಿರದ ಒಂದು ಪಾಲಿನ ವ್ಯತ್ಯಾಸ! ಮೆತ್ತನೆಯ ಸೀಸದ ತುಂಡನ್ನು ನಳಿಗೆಯೊಳಗೆ ಮೆಲ್ಲಗೆ ತಳ್ಳಿ ಹೊರತೆಗೆದು ಅಳೆದು ನೋಡುತ್ತಾರಂತೆ. ಸಡಿಲವಾದರೆ ಗಾಳಿ ಪಕ್ಕದಿಂದ ಸೋರುತ್ತದೆ, ಸುರುಳಿಯೂ ಹಿಡಿಯುವುದಿಲ್ಲ. ಬಿಗಿಯಾದರೆ ಗಾಳಿಯ ಶಕ್ತಿ ತಿಕ್ಕಾಟಕ್ಕೇ ಹೋಗುತ್ತದೆ. ಮಸಿಯ ಕೋವಿಯಲ್ಲಿ ಸ್ಫೋಟದ ಒತ್ತಡಕ್ಕೆ ಗುಂಡಿನ ಬುಡ ಉಬ್ಬಿ ಸಂದು ಮುಚ್ಚಿಕೊಳ್ಳಬಲ್ಲದು. ಗಾಳಿಯ ಒತ್ತಡ ಅಷ್ಟಿರುವುದಿಲ್ಲ. ಹಾಗಾಗಿ ಗಟ್ಟಿ ಮಿಶ್ರಲೋಹಕ್ಕಿಂತ ಮೆತ್ತನೆಯ ಶುದ್ಧ ಸೀಸವೇ ವಾಸಿ.

ಮೂರನೆಯದು ಮೂಗು. ಗುಂಡುಮೂಗು ಸಲೀಸಾಗಿ ಹೊಕ್ಕು ಆಚೆ ಬರುತ್ತದೆ. ಚಪ್ಪಟೆ ಮೂಗು ಅಗಲವಾಗಿ ಕತ್ತರಿಸುತ್ತ ಆಳಕ್ಕೆ ಹೋಗುತ್ತದೆ. ಮೂಗಿನಲ್ಲಿ ಕುಳಿ ಇರುವ ಸ್ಲಗ್ ಮಾಂಸದೊಳಗೆ ಅರಳಿ ಅಲ್ಲೇ ನಿಲ್ಲಬೇಕೆಂದು ಮಾಡಿದ್ದು. ವೇಗ ಸಾಲದಿದ್ದರೆ ಅರಳುವುದೇ ಇಲ್ಲ. ದೊಡ್ಡ ಗಂಡುಹಂದಿಯ ಹೆಗಲ ಮೇಲೆ ದಪ್ಪ ಗಡಸು ಪದರ ಇರುತ್ತದೆ. ಅಲ್ಲಿ ಕುಳಿಮೂಗು ಬೇಗ ಅರಳಿದರೆ ಗಾಯವಷ್ಟೇ, ಪ್ರಾಣ ಹೋಗುವುದಿಲ್ಲ. ಗಾಯಗೊಂಡ ಹಂದಿ ಎಂದರೇನು ಎಂದು ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ.

ಇಷ್ಟೆಲ್ಲ ಹೊಂದಿದರೂ ಸ್ಲಗ್ ಬಂದೂಕಿನ ಗುಂಡಿನಷ್ಟು ನೇರ ಹೋಗದು. ಸೆಕೆಂಡಿಗೆ 800 ಅಡಿಯಲ್ಲಿ ಹೊರಟರೆ 50 ಮೀಟರ್ ಮುಟ್ಟುವಷ್ಟರಲ್ಲಿ ಒಂದು ಗೇಣು ಕೆಳಗಿಳಿದಿರುತ್ತದೆ. ದೂರದ ಅಂದಾಜು ತಪ್ಪಿದರೆ ಎದೆಗಿಟ್ಟದ್ದು ಕಾಲಿಗೆ ಬೀಳುತ್ತದೆ. ಅದಕ್ಕೇ ನಾಲ್ಕಾರು ಬಗೆಯ ಸ್ಲಗ್ ಸ್ವಲ್ಪ ಸ್ವಲ್ಪ ಕೊಂಡು, ತಾನು ನಿಜಕ್ಕೂ ಹೊಡೆಯುವ ದೂರದಲ್ಲಿ ಕಾಗದಕ್ಕೆ ಹೊಡೆದು, ಯಾವುದು ಒತ್ತಾಗಿ ಒಂದೇ ಕಡೆ ಬೀಳುತ್ತದೋ ಅದನ್ನೇ ಇಟ್ಟುಕೊಳ್ಳುತ್ತಾನಂತೆ.

ಈ ಗಾಳಿಕೋವಿ ಹೊಸದೇನಲ್ಲ. ಅಹಲ್ಯಾಬಾಯಿ ಹೋಳ್ಕರ್ 1780ರ ಸುಮಾರಿಗೆ ಇಲ್ಲಿ ವಿಶ್ವನಾಥನ ಗುಡಿಯನ್ನು ಮತ್ತೆ ಕಟ್ಟಿಸುತ್ತಿದ್ದ ಕಾಲದಲ್ಲೇ ಆಸ್ಟ್ರಿಯಾದ ಸೈನ್ಯ ಜಿರಾರ್ಡೋನಿ ಎಂಬಾತ ಮಾಡಿದ ಗಾಳಿ ರೈಫಲ್ ಹಿಡಿದಿತ್ತು. ಇಪ್ಪತ್ತರಷ್ಟು ಗುಂಡು ತುಂಬಬಹುದಾಗಿದ್ದ ಅದರ ಹಿಡಿಯೇ ಗಾಳಿ ಡಬ್ಬಿ. ತುಂಬಲು ಸಾವಿರಕ್ಕೂ ಹೆಚ್ಚು ಸಲ ಪಂಪು ಒತ್ತಬೇಕಿತ್ತು. ಅಮೆರಿಕದ ಪಶ್ಚಿಮವನ್ನು ಹುಡುಕಿಕೊಂಡು ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ತಂಡವೂ 1803ರಲ್ಲಿ ಒಂದು ಗಾಳಿ ರೈಫಲ್ ಒಯ್ದಿತ್ತು.

ಬಿಡಾರದ ಕಂಬದ ತೂತು

ಅವನ ಪಾಠ ಚೆನ್ನಾಗಿತ್ತು. ಆದರೆ ಒಂದು ಮಾತು ಬಿಟ್ಟಿದ್ದ. ಅದನ್ನು ನಾನು ಹೇಳಿದೆ.

ನಾನು ಹುಟ್ಟುವ ಮೊದಲಿನ ಕಥೆ. ಅಜ್ಜನದು ಕೇಪಿನ ಕೋವಿ. ಅದಕ್ಕೆ ಚರೆಯನ್ನೂ ಹಾಕಬಹುದು, ಒಂಟಿ ಗುಂಡನ್ನೂ ಹಾಕಬಹುದು. ಚರೆ ಹಾಕಿದರೆ ತಾಗುವುದು ಸುಲಭ, ಆದರೆ ಹಂದಿ ಗಾಯವಾಗಿ ಓಡುತ್ತದೆ ಎಂದು ಅಜ್ಜ ಹಂದಿಗೆ ಗುಂಡೇ ತುಂಬುತ್ತಿದ್ದರು. ಒಂದು ರಾತ್ರಿ ಗದ್ದೆಯ ಅಂಚಿನಲ್ಲಿ ನಿಂತು ಈಡು ಹೊಡೆದರು. ಹಂದಿ ಬಿತ್ತು. ಗುಂಡು ನಿಲ್ಲಲಿಲ್ಲ. ಹಂದಿಯ ಹೊಟ್ಟೆ ದಾಟಿ, ಗದ್ದೆ ದಾಟಿ, ಆಳಿನ ಬಿಡಾರದ ಕಂಬಕ್ಕೆ ಹೊಕ್ಕಿತು. ಆ ಕಂಬದ ಬುಡದಲ್ಲಿ ಒಂದು ಮಗು ಮಲಗಿತ್ತು. ಮಗುವಿಗೂ ತೂತಿಗೂ ಮಧ್ಯೆ ಒಂದು ಮೊಳ.

ಆಮೇಲೆ ಅಜ್ಜ ನೆಲದ ಮೇಲೆ ನಿಂತು ಗುಂಡು ಹೊಡೆಯಲೇ ಇಲ್ಲ. ಹೊಡೆಯಲೇಬೇಕಾದರೆ ಮರದ ಮೇಲೆ ಮರಸು ಕೂರುತ್ತಿದ್ದರು. ಮೇಲಿನಿಂದ ಕೆಳಕ್ಕೆ ಹೊಡೆದರೆ ತಪ್ಪಿದ್ದೂ, ದಾಟಿದ್ದೂ ಮಣ್ಣಿಗೇ ಹೋಗುತ್ತದೆ. ಆ ಕಂಬದ ತೂತಿಗೆ ನಾನೂ ಅಣ್ಣನೂ ಚಿಕ್ಕಂದಿನಲ್ಲಿ ಬೆರಳು ಹಾಕಿ ನೋಡಿದ್ದೇವೆ. ತೋಟಾ ಕೋವಿ ಬಂದ ಮೇಲೂ ಎಲ್‌ಜಿ ಹಾಕಬೇಕೋ ಎಸ್‌ಜಿಯೋ ಎಂದು ಯಾರಾದರೂ ಅಣ್ಣನನ್ನು ಕೇಳಿದರೆ, "ಹಿಂದೆ ಯಾರ ಮನೆ ಇದೆ ಮೊದಲು ಹೇಳು" ಎನ್ನುತ್ತಿದ್ದ.

ಪೆಲೆಟ್‌ಗಿಂತ ಸ್ಲಗ್ ಮೇಲು ಎನ್ನುವುದು ಅದು ವೇಗ ಉಳಿಸಿಕೊಳ್ಳುತ್ತದೆ ಎಂಬ ಕಾರಣಕ್ಕೆ. ಅದೇ ಗುಣ ಗುರಿ ತಪ್ಪಿದಾಗ ಅಪಾಯ. ಮೆತ್ತನೆ ಸೀಸವಾದರೂ ಕಲ್ಲಿಗೆ ತಾಗಿದರೆ ಎತ್ತಲೋ ಚಿಮ್ಮುತ್ತದೆ. ಟೆಕ್ಸಾಸ್‌ನ ಬಯಲಿನಲ್ಲಿ ಒಂದು ಹಿಡಿ ಮನೆಗಳು. ನಮ್ಮ ತೋಟದಾಚೆ ಈಗ ಅಂದಿನ ಒಂದು ಬಿಡಾರವಲ್ಲ, ರಸ್ತೆ ಇದೆ, ನಾಲ್ಕು ಮನೆ ಇದೆ. ರಾತ್ರಿ ಒಂದು ಗಂಟೆಗೆ ಟಾರ್ಚ್ ಬೆಳಕಿನಲ್ಲಿ ಕೂಲಿಯ ಹುಡುಗನ ಕೈಗೆ ಅದನ್ನು ಕೊಟ್ಟು, ನಾವು ದೆಹಲಿಯಲ್ಲೂ ಡಲ್ಲಾಸ್‌ನಲ್ಲೂ ನಿದ್ದೆ ಮಾಡುವುದು ಹೇಗೆ? ಕೇಸಾದರೆ ಸಿಕ್ಕಿಬೀಳುವವನೂ ಆ ಹುಡುಗನೇ.

ಅವನು ಮಾತಾಡಲಿಲ್ಲ. ಗಲ್ಲಿಯಲ್ಲಿ ಜನ ನಮ್ಮನ್ನು ಒತ್ತಿಕೊಂಡು ಹೋಗುತ್ತಿದ್ದರು. ಎರಡೂ ಕಡೆ ಕೈ ಚಾಚಿದರೆ ಗೋಡೆ. ಸ್ವಲ್ಪ ಹೊತ್ತಾದ ಮೇಲೆ, "ಲಾಡ್ಜಿನವರು ಗುಲೇಲಿಗೆ ಕಲ್ಲು ಹಾಕದ್ದು ಇದಕ್ಕೇ ಅಲ್ವಾ ಚಿಕ್ಕಪ್ಪ" ಎಂದ.

ಅಣ್ಣನ ಕೋವಿಯನ್ನು ಠಾಣೆಗೆ ಜಮಾ ಮಾಡಿದೆವು. ರೈಫಲಿಗೆ ಎತ್ತಿಟ್ಟಿದ್ದ ಹಣದಲ್ಲಿ ಅವನು ತೋಟದ ಕೆಳಗಿನ ಬದಿಗೆ ಸೋಲಾರ್ ಬೇಲಿ ಹಾಕಿಸಿದ. ಹಾಳಾದ ಸಸಿಗಳ ಫೋಟೊ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡುವುದನ್ನು ಅತ್ತಿಗೆ ಕಲಿತಿದ್ದಾರೆ. ಇದರಿಂದ ಎಲ್ಲ ಸರಿಹೋಯಿತು ಎನ್ನಲಾರೆ. ಮಳೆಗಾಲದಲ್ಲಿ ಬೇಲಿಗೆ ಬಳ್ಳಿ ಹಬ್ಬಿ ಕರೆಂಟು ಕೈಕೊಟ್ಟಾಗ ಹಂದಿ ಒಮ್ಮೆ ಒಳಗೆ ಬಂದು ಹೋಗಿದೆ. ವಾರಕ್ಕೊಮ್ಮೆ ಬಳ್ಳಿ ಸವರುವ ಕೆಲಸ ಹುಡುಗನದು.

ಅವನು ಅಲ್ಲಿ ಬೇಟೆ ಬಿಟ್ಟಿಲ್ಲ. ಮೊನ್ನೆ ಫೋನಿನಲ್ಲಿ ಹೇಳಿದ: ಈಗ ಅಟ್ಟಣಿಗೆ ಕಟ್ಟಿಕೊಂಡಿದ್ದಾನಂತೆ, ನೆಲದ ಮೇಲೆ ನಿಂತು ಹೊಡೆಯುವುದಿಲ್ಲವಂತೆ. ಗೆಳೆಯರು ಯಾವ ಸ್ಲಗ್ ಒಳ್ಳೆಯದು ಎಂದು ಕೇಳಿದರೆ, ಹಿಂದೆ ಏನಿದೆ ಎಂದು ತಿರುಗಿ ಕೇಳುತ್ತಾನಂತೆ. ಥೇಟ್ ಅವರಪ್ಪನ ದನಿ.